ಒಂದೇ ಗಾಲಿಯ ಸೂರ್ಯರಥ: ರಥಸಪ್ತಮಿಗೆ ತಿರುಗುವ ಮಾದರಿ ಕಟ್ಟುವ ಕ್ರಮ

ಸೂರ್ಯರಥದ ಸ್ತಬ್ಧಚಿತ್ರ ಎಂದರೆ ಸಾಮಾನ್ಯವಾಗಿ ಒಂದು ಕೈಗಾಡಿ, ಅದರ ಎರಡೂ ಬದಿಗೆ ಬಣ್ಣದ ಗಾಲಿ, ಮುಂದೆ ಏಳು ಥರ್ಮಕೋಲ್ ಕುದುರೆ. ನೋಡಲು ಚೆನ್ನಾಗಿರುತ್ತದೆ. ಆದರೆ ಅದು ಊರ ತೇರಾದೀತೇ ಹೊರತು ಸೂರ್ಯನ ರಥವಾಗುವುದಿಲ್ಲ. ಋಗ್ವೇದದ 1ನೇ ಮಂಡಲದ 164ನೇ ಸೂಕ್ತ ಸ್ಪಷ್ಟವಾಗಿ ‘ಏಕಚಕ್ರ’ ಎನ್ನುತ್ತದೆ. ಪುರಾಣಗಳೂ ಆ ಮಾತು ಬಿಟ್ಟುಕೊಟ್ಟಿಲ್ಲ. ಏಳು ಕುದುರೆ, ಒಂದು ಗಾಲಿ.

ಒಂದೇ ಗಾಲಿಯಲ್ಲಿ ರಥ ನಿಲ್ಲುವುದಾದರೂ ಹೇಗೆ? ಭಾಗವತದ 5ನೇ ಸ್ಕಂಧದ 21ನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರ ಇದೆ, ಅದೂ ಬಡಗಿಗೆ ಹೇಳಿದಷ್ಟು ಖಚಿತವಾಗಿ. ಅಚ್ಚಿನ ಒಂದು ತುದಿ ಮೇರುವಿನ ಮೇಲೆ, ಇನ್ನೊಂದು ತುದಿ ಮಾನಸೋತ್ತರ ಎಂಬ ಬಳೆಯಾಕಾರದ ಪರ್ವತದ ಮೇಲೆ. ಗಾಲಿ ಇರುವುದು ಹೊರತುದಿಯಲ್ಲಿ ಮಾತ್ರ. ಅದು ಎಣ್ಣೆ ಗಾಣದ ಹಾಗೆ ಸುತ್ತುತ್ತದೆ. ಶಿರಸಿ, ಸಿದ್ದಾಪುರ ಕಡೆಯ ಆಲೆಮನೆಯಲ್ಲಿ ಕೋಣ ಕಟ್ಟಿದ ಗಾಣ ನೋಡಿದವರಿಗೆ ಹೆಚ್ಚಿಗೆ ವಿವರಿಸಬೇಕಿಲ್ಲ. ನಡುವೆ ಕಂಬ, ಕಂಬಕ್ಕೆ ಅಡ್ಡ ತೊಲೆ, ತೊಲೆಯ ತುದಿ ನೆಲದ ಮೇಲೆ ವೃತ್ತ ಬರೆಯುತ್ತ ಹೋಗುತ್ತದೆ. ಎರಡನೇ ಗಾಲಿಯ ಜಾಗದಲ್ಲಿ ಕಂಬವೇ ಇರುವಾಗ ಗಾಲಿ ಯಾಕೆ ಬೇಕು?

ಹಾಗಾಗಿ ಇಲ್ಲಿ ಹೇಳುವುದು ಮೆರವಣಿಗೆಯ ಗಾಡಿಯನ್ನಲ್ಲ. ಮಾಘ ಶುದ್ಧ ಸಪ್ತಮಿಯ ದಿನ ಶಾಲೆಯ ಸಭಾಂಗಣದಲ್ಲೋ ದೇವಸ್ಥಾನದ ಚಪ್ಪರದಲ್ಲೋ ಇಡಬಹುದಾದ, ಕೈಯಿಂದ ತಿರುಗಿಸುವ ಮಾದರಿಯನ್ನು. ಒಬ್ಬ ಆಚಾರಿ, ಒಂದು ವೆಲ್ಡಿಂಗ್ ಅಂಗಡಿ, ಕತ್ತರಿ ಹಿಡಿಯಬಲ್ಲ ನಾಲ್ಕಾರು ಮಕ್ಕಳು ಇದ್ದರೆ ಸಾಕು.

ಮೊದಲು ಒಂದು ಗ್ರಂಥ ಆರಿಸಿಕೊಳ್ಳಿ

ಅಳತೆ ವಿಷಯದಲ್ಲಿ ಪುರಾಣಗಳು ಒಂದರ ಹಾಗೆ ಒಂದಿಲ್ಲ. ವಿಷ್ಣುಪುರಾಣದ ಪ್ರಕಾರ ರಥದ ಉದ್ದ 9,000 ಯೋಜನ, ಮೂಕಿ (ಕುದುರೆ ಕಟ್ಟಲು ಮುಂದಕ್ಕೆ ಚಾಚಿದ ಮರ) ಅದರ ಎರಡರಷ್ಟು, ಅಚ್ಚು 1 ಕೋಟಿ 57 ಲಕ್ಷ ಯೋಜನ. ಇದನ್ನೇ ಹಿಡಿದು ಹೊರಟರೆ, 3 ಅಡಿಯ ಅಚ್ಚಿಗೆ ರಥ ಅರ್ಧ ಮಿಲಿಮೀಟರ್ ಉದ್ದ ಬರುತ್ತದೆ. ಸಾಸಿವೆ ಕಾಳೂ ಅದಕ್ಕಿಂತ ದೊಡ್ಡದು. ಭಾಗವತದಲ್ಲಿ ರಥದ ಉದ್ದ 36 ಲಕ್ಷ ಯೋಜನ, ಅಗಲ ಅದರ ಕಾಲು ಭಾಗ, ನೊಗವೂ ಅಗಲದಷ್ಟೇ. ಕಟ್ಟುವವರಿಗೆ ಒದಗುವುದು ಇದು. ಉದ್ದಕ್ಕೂ ಅಗಲಕ್ಕೂ 4ಕ್ಕೆ 1 ಎಂಬ ಪ್ರಮಾಣ ಇಟ್ಟುಕೊಂಡು, ಕಣ್ಣಿಗೆ ಕಾಣುವಷ್ಟು ಹಿಗ್ಗಿಸಿ, 16 ಇಂಚು ಉದ್ದ, 4 ಇಂಚು ಅಗಲ ಮಾಡೋಣ. ಕಿರಿದಾಯಿತು ಅನ್ನಿಸೀತು. ಆದರೆ ಅಗಲ ಮಾಡಿದರೆ ಪೆಟ್ಟಿಗೆಯ ಅಂಚು ಗಾಲಿಗೆ ಉಜ್ಜುತ್ತದೆ.

ಗಾಲಿಯ ವಿವರದಲ್ಲೂ ಎರಡು ದಾರಿ. ವಿಷ್ಣುಪುರಾಣದ ಗಾಲಿಗೆ 3 ನಾಭಿ (ಗಾಲಿಯ ನಡುವಿನ ಗುಂಬ), 5 ಅರೆಕಾಲು (ಗುಂಬದಿಂದ ಅಂಚಿಗೆ ಹೋಗುವ ಕಡ್ಡಿ), 6 ನೇಮಿ (ಹೊರಬಳೆ). ಭಾಗವತದ್ದಕ್ಕೆ 3 ನಾಭಿ, 12 ಅರೆಕಾಲು, 6 ನೇಮಿ. ಗಾಲಿ ಎಂದರೆ ಸಂವತ್ಸರ. ಆರು ನೇಮಿ ಆರು ಋತು, ಹನ್ನೆರಡು ಅರೆಕಾಲು ಹನ್ನೆರಡು ತಿಂಗಳು, ಐದಾದರೆ ಐದು ವರ್ಷದ ಯುಗ. ಯಾವುದನ್ನು ಬೇಕಾದರೂ ತೆಗೆದುಕೊಳ್ಳಿ, ಎರಡನ್ನೂ ಬೆರೆಸಬೇಡಿ. ಕೊನಾರ್ಕದ ಚಿತ್ರ ನೋಡಿ 8 ದಪ್ಪ, 8 ಸಪೂರ ಅರೆಕಾಲು ಬಿಡಿಸುವವರಿದ್ದಾರೆ. ಅದು 24 ಗಾಲಿಯ, ರಥದ ರೂಪದ ದೇವಾಲಯ. ಅಲ್ಲಿಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಬೇಕಾಗುವ ಸಾಮಾನು

8×4 ಅಡಿಯ 12 ಮಿ.ಮೀ. ಪ್ಲೈವುಡ್ ಹಾಳೆ 2. ಗಾಲಿ ಮತ್ತು ಗುಂಬಕ್ಕೆ 18 ಮಿ.ಮೀ. ಪ್ಲೈ ತುಂಡು, ತೇರುಪೆಟ್ಟಿಗೆಗೆ 4 ಮಿ.ಮೀ. ಪ್ಲೈ. ಕಂಬಕ್ಕೆ 1 ಇಂಚಿನ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಪೈಪು 6 ಅಡಿ, ಅದಕ್ಕೆ ಅಂಗಿಯ ತೋಳಿನ ಹಾಗೆ ತೊಡಿಸಿ ತಿರುಗಿಸುವ ‘ತೋಳಿ’ಗೆ ಒಂದೂಕಾಲು ಇಂಚಿನ ಜಿ.ಐ. ಪೈಪು 18 ಇಂಚು. ಅಚ್ಚಿಗೆ 20 ಮಿ.ಮೀ. ದುಂಡು ಸರಳು 3 ಅಡಿ 2 ಇಂಚು. 6204 ನಂಬರಿನ ಬೇರಿಂಗ್ 2. ಇದರ ಒಳವ್ಯಾಸ 20, ಹೊರವ್ಯಾಸ 47, ದಪ್ಪ 14 ಮಿ.ಮೀ. 26 ಇಂಚಿನ ಸೈಕಲ್ಲಿನ ಹಳೇ ರಿಮ್ಮು, 6 ಮಿ.ಮೀ. ನೂಲಿನ ಹಗ್ಗ, ಯು-ಬೋಲ್ಟ್ 2, ಹಳೇ ಸೈಕಲ್ ಟ್ಯೂಬು. ಕುದುರೆಗಳಿಗೆ ಅಡಿಕೆ ಹಾಳೆ 10, ಮೂಕಿಗೆ ಹಸಿ ಬಿದಿರಿನ ಸೀಳು.

ಪೈಪು ಕೊಳ್ಳುವಾಗ ‘ಬಿ ಕ್ಲಾಸ್’ ಎಂದು ಕೇಳಿ ತನ್ನಿ. ಒಂದೂಕಾಲು ಇಂಚಿನ ಬಿ ಕ್ಲಾಸ್ ಪೈಪಿನ ಒಳವ್ಯಾಸ ಸುಮಾರು 36 ಮಿ.ಮೀ., 1 ಇಂಚಿನ ಪೈಪಿನ ಹೊರವ್ಯಾಸ ಸುಮಾರು 34. ನಡುವೆ 2 ಮಿ.ಮೀ. ಸಡಿಲ ಸಿಗುತ್ತದೆ. ಸಿ ಕ್ಲಾಸ್ ಪೈಪು ದಪ್ಪ ಗೋಡೆಯದು. ಸಡಿಲ ಒಂದು ಮಿ.ಮೀ.ಗೂ ಇಲ್ಲದೆ ತೋಳು ಕಚ್ಚಿಕೊಳ್ಳುತ್ತದೆ. ಈ 2 ಮಿ.ಮೀ. ಎಷ್ಟು ಮುಖ್ಯ ಎಂಬುದು ಮುಂದೆ ಗೊತ್ತಾಗುತ್ತದೆ.

ಪೀಠ, ಕಂಬ, ತೋಳು

ಎರಡು ಪ್ಲೈ ಹಾಳೆ ಜೋಡಿಸಿ 8×8 ಅಡಿಯ ಪೀಠ ಮಾಡಿ, ಒಂದೂವರೆ ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸಿ. ನಡುವೆ 3 ಇಂಚಿನ ತೂತು. ತೂತಿನ ಮಧ್ಯದಿಂದ 3 ಅಡಿ ತ್ರಿಜ್ಯದ ವೃತ್ತ ಎಳೆಯಿರಿ. ಗಾಲಿ ಓಡುವ ದಾರಿ ಇದೇ, ಮಾನಸೋತ್ತರ ಪರ್ವತವೂ ಇದೇ. 3 ಇಂಚು ಅಗಲಕ್ಕೆ ಬೆಟ್ಟದ ಬಣ್ಣ ಬಳಿದರೆ ಸಾಕು, ಎತ್ತರ ಕಟ್ಟಬೇಡಿ. ಹಾಳೆಗಳು ಕೂಡುವಲ್ಲಿ ಗಾಲಿ ಎರಡು ಸಲ ದಾಟಬೇಕು. ಅಲ್ಲಿ ಅಡಿಯಿಂದ ರೀಪು ಕೊಟ್ಟು, ಮೇಲಿನಿಂದ ಉಜ್ಜುಗೊರಡು ಹೊಡೆದು ಸಮ ಮಾಡಿ.

ಕಂಬದ 1 ಇಂಚಿನ ಒಳಪೈಪನ್ನು ಕೆಳಗಿನ ಮರದ ಅಡ್ಡಪಟ್ಟಿಗೆ ಗಟ್ಟಿಯಾಗಿ ಕೂರಿಸಿ, ತೂಗುಗುಂಡು ಬಿಟ್ಟು ನೆಟ್ಟಗಿದೆಯೇ ನೋಡಿ. ಈ ಪೈಪು ತಿರುಗುವುದಿಲ್ಲ. ಅದರ ಮೇಲೆ ಒಂದೂಕಾಲು ಇಂಚಿನ ತೋಳು ಇಳಿಸಬೇಕು. 5 ಇಂಚು ಪೀಠದ ಅಡಿಗೆ, ಸುಮಾರು 13 ಇಂಚು ಮೇಲಕ್ಕೆ ಬರಲಿ. ತೋಳು ಕೆಳಗೆ ಜಾರದಂತೆ ಒಳಪೈಪಿಗೆ ಅಡ್ಡ ಬೋಲ್ಟ್ ಹಾಕಿ, ಮೇಲೊಂದು ವಾಶರ್, ವಾಶರ್ ಮೇಲೆ ಗ್ರೀಸ್.

ಪೀಠದಿಂದ ಸರಿಯಾಗಿ 6 ಇಂಚು ಎತ್ತರದಲ್ಲಿ ತೋಳಿಗೆ ಅಚ್ಚನ್ನು ಲಂಬಕೋನದಲ್ಲಿ ವೆಲ್ಡ್ ಮಾಡಿಸಿ. 12 ಇಂಚು ವ್ಯಾಸದ ಗಾಲಿಯ ನಡು ಅಷ್ಟೇ ಎತ್ತರದಲ್ಲಿರುತ್ತದೆ. ವೆಲ್ಡ್ ಮಾಡುವ ಮೊದಲು ಪೈಪಿನ ಸತುವಿನ ಲೇಪನವನ್ನು ಗ್ರೈಂಡರ್‌ನಿಂದ ತೆಗೆಸಿ. ಹಾಗೇ ಸುಟ್ಟರೆ ಬರುವ ಹೊಗೆ ಒಳ್ಳೆಯದಲ್ಲ, ಬೆಸುಗೆಯೂ ಹಿಡಿಯುವುದಿಲ್ಲ.

ಇಲ್ಲೇ ಭಾಗವತದ ಎರಡನೇ ಅಚ್ಚು ಬರುತ್ತದೆ. ಮೊದಲ ಅಚ್ಚಿನಲ್ಲಿ ಬೇರೂರಿ, ಅದರ ಕಾಲು ಭಾಗದಷ್ಟು ಉದ್ದವಿದ್ದು, ಮೇಲ್ತುದಿ ಧ್ರುವಕ್ಕೆ ಸೇರಿದ್ದು ಎನ್ನುತ್ತದೆ ಶ್ಲೋಕ. 36 ಇಂಚಿನ ಕಾಲು ಭಾಗ 9 ಇಂಚು. 9 ಇಂಚಿನ ಸರಳನ್ನು ಅಚ್ಚಿನ ಬುಡದಿಂದ ತೋಳಿನ ಮೇಲ್ಭಾಗಕ್ಕೆ ಓರೆಯಾಗಿ ಕೊಟ್ಟರೆ ಅದೇ ಆಧಾರದ ಕಟ್ಟು. ಸಂಧಿ ದಾಟುವಾಗ ಬೆಸುಗೆಗೆ ಬೀಳುವ ಹೊಡೆತ ತಡೆಯಲು ಆಚಾರಿ ಹೇಗೂ ಕೊಡಬೇಕಾದದ್ದನ್ನೇ ಪುರಾಣ ಮೊದಲೇ ಕೊಟ್ಟಿದೆ. ಮೇಲ್ತುದಿಯನ್ನು ತೋಳಿಗೇ ಬೆಸೆಯಬೇಕು. ಅಪ್ಪಿತಪ್ಪಿ ಒಳಪೈಪಿಗೆ ಬೆಸೆದರೆ ರಥ ಅಲ್ಲೇ ನಿಲ್ಲುತ್ತದೆ.

ಈಗ ಆ 2 ಮಿ.ಮೀ. ಮಾತು. ಪ್ಲೈ ಎಷ್ಟೇ ಸಮ ಇದ್ದರೂ ಒಂದೆರಡು ಮಿ.ಮೀ. ಏರುತಗ್ಗು ಇದ್ದೇ ಇರುತ್ತದೆ. ತೋಳು ಬಿಗಿಯಾಗಿದ್ದರೆ ತಗ್ಗಿನ ಜಾಗದಲ್ಲಿ ಗಾಲಿ ನೆಲ ಬಿಟ್ಟು ತೂಗುತ್ತದೆ. ರಥ ಮುಂದೆ ಹೋಗುತ್ತದೆ, ಗಾಲಿ ಮಾತ್ರ ಸುಮ್ಮನಿರುತ್ತದೆ. ನೋಡುವವರ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ. 18 ಇಂಚಿನ ತೋಳಿಗೆ 2 ಮಿ.ಮೀ. ಸಡಿಲ ಇದ್ದರೆ 3 ಅಡಿ ದೂರದ ಗಾಲಿಗೆ ಸುಮಾರು 4 ಮಿ.ಮೀ. ಮೇಲೆ ಕೆಳಗೆ ಆಡಲು ಅವಕಾಶ ಸಿಗುತ್ತದೆ. ತೋಳನ್ನು 6 ಇಂಚಿಗೆ ಮೊಟಕು ಮಾಡಿದರೆ ಈ ಆಟ 12 ಮಿ.ಮೀ.ಗೆ ಏರಿ ಇಡೀ ರಥ ತೂರಾಡುತ್ತದೆ.

ಗಾಲಿ

18 ಮಿ.ಮೀ. ಪ್ಲೈಯಲ್ಲಿ 12 ಇಂಚು ವ್ಯಾಸದ ಬಿಲ್ಲೆ 1, 4 ಇಂಚು ವ್ಯಾಸದ ಬಿಲ್ಲೆ 2 ಕತ್ತರಿಸಿ. ದೊಡ್ಡ ಬಿಲ್ಲೆಯ ಎರಡೂ ಬದಿಗೆ ಚಿಕ್ಕವನ್ನು ಅಂಟಿಸಿ ಸ್ಕ್ರೂ ಹಾಕಿ. ಮೂರು ಪದರದ ಗುಂಬವೇ ತ್ರಿನಾಭಿ. ಇದು ಅಲಂಕಾರಕ್ಕಲ್ಲ. ಹೊರಗಿನ ಎರಡು ಬಿಲ್ಲೆಗಳಲ್ಲಿ ಒಂದೊಂದು ಬೇರಿಂಗ್ ಕೂರುತ್ತದೆ. ಒಂದೇ ಬೇರಿಂಗ್ ಹಾಕಿದರೆ ಗಾಲಿ ಎಡಬಲಕ್ಕೆ ಓಲಾಡುತ್ತದೆ. ಬೇರಿಂಗ್ ತೂತನ್ನು 47 ಮಿ.ಮೀ.ಗಿಂತ ಕೂದಲೆಳೆ ಕಡಿಮೆ ಕೊರೆದು, ಮರದ ಸುತ್ತಿಗೆಯಿಂದ ಬಡಿದು ಕೂರಿಸಬೇಕು. ಹೊರಗೆ ವಾಶರ್, ಕಡಾಣಿ.

ಹನ್ನೆರಡು ಅರೆಕಾಲು ಗುರುತಿಸಲು ಕೋನಮಾಪಕ ಬೇಡ. ಕೈವಾರವನ್ನು ವೃತ್ತದ ತ್ರಿಜ್ಯಕ್ಕೇ ಹಿಡಿದು ಸುತ್ತ ಹೆಜ್ಜೆ ಹಾಕಿದರೆ ಆರು ಬಿಂದು ಬರುತ್ತವೆ, ನಡುವೆ ಅರ್ಧಿಸಿದರೆ ಹನ್ನೆರಡು. ಐದಾದರೆ 72 ಡಿಗ್ರಿಯಂತೆ ಅಳೆಯಲೇಬೇಕು. ಐದು ಅರೆಕಾಲನ್ನು ಒಂದಿಂಚು ಅಗಲ ಬಿಟ್ಟು ಕತ್ತರಿಸಬಹುದು. ಹನ್ನೆರಡನ್ನು ಕತ್ತರಿಸಲು ಹೋಗಬೇಡಿ, ಪ್ಲೈ ಪದರ ಬಿಟ್ಟು ಮುರಿಯುತ್ತದೆ. ಬಿಲ್ಲೆಗೆ ಕಪ್ಪು ಬಳಿದು, ಅಡಿಕೆ ದಬ್ಬೆಯ ಸಪೂರ ಪಟ್ಟಿ ಅಂಟಿಸಿ.

ಆರು ನೇಮಿಗಳನ್ನು ಒಂದರ ಪಕ್ಕ ಒಂದು ಕಟ್ಟಿ ಗಾಲಿಯನ್ನು ದಪ್ಪ ಮಾಡುವುದು ದೊಡ್ಡ ತಪ್ಪು. ವೃತ್ತದಲ್ಲಿ ಓಡುವ ಗಾಲಿಯ ಹೊರ ಅಂಚು ಒಳ ಅಂಚಿಗಿಂತ ಹೆಚ್ಚು ದೂರ ಸಾಗಬೇಕು. 18 ಮಿ.ಮೀ. ಇದ್ದರೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. 3 ಇಂಚು ಆದರೆ ಒಂದು ಅಂಚು ಉಜ್ಜಿ ಕಿರುಗುಟ್ಟುತ್ತದೆ. ಆರು ನೇಮಿಯನ್ನು ಗಾಲಿಯ ಮುಖದ ಮೇಲೆ ಆರು ಬಣ್ಣದ ಬಳೆಗಳಾಗಿ ಬರೆಯಿರಿ. ಓಡುವ ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದರೆ ಜಾರುವುದಿಲ್ಲ, ಸದ್ದೂ ಇಲ್ಲ.

ದಾರಿಯ ತ್ರಿಜ್ಯ 3 ಅಡಿ, ಗಾಲಿಯದು ಅರ್ಧ ಅಡಿ. ರಥ ಒಂದು ಸುತ್ತು ಬರುವಾಗ ಗಾಲಿ ಆರು ಸಲ ಉರುಳುತ್ತದೆ. ಆರರ ಬದಲು ಐದೂ ಮುಕ್ಕಾಲು ಎಣಿಕೆ ಬಂದರೆ ಗಾಲಿ ಎಲ್ಲೋ ಜಾರುತ್ತಿದೆ, ಇಲ್ಲವೇ ತೂಗುತ್ತಿದೆ ಎಂದೇ ಅರ್ಥ. ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿ.

ತಿರುಗಿಸುವ ವ್ಯವಸ್ಥೆ

ರಿಮ್ಮಿನ ಕಡ್ಡಿಗಳನ್ನೆಲ್ಲ ಬಿಚ್ಚಿ, ಪ್ಲೈ ಬಿಲ್ಲೆಗೆ ಅದನ್ನು ಸ್ಕ್ರೂ ಮಾಡಿ, ಆ ಬಿಲ್ಲೆಯನ್ನು ಪೀಠದ ಅಡಿಯಲ್ಲಿ ತೋಳಿನ ಕೆಳತುದಿಗೆ ಕೂರಿಸಿ. ಟಯರಿಲ್ಲದ ರಿಮ್ಮಿನ ವ್ಯಾಸ 22–23 ಇಂಚು. ಪೀಠದ ಒಂದು ಮೂಲೆಯಲ್ಲಿ ಐದೂವರೆ ಇಂಚಿನ ಕಪ್ಪಿ ಮತ್ತು ಕೈಹಿಡಿ ಇಟ್ಟು ಹಗ್ಗ ಸುತ್ತಿದರೆ, ನಾಲ್ಕು ಸಲ ಕೈ ತಿರುಗಿಸಿದಾಗ ರಥ ಒಂದು ಸುತ್ತು. ಒಂದು ಸುತ್ತಿಗೆ ಅರ್ಧ ನಿಮಿಷ ಹಿತವಾದ ವೇಗ. ನೈಲಾನ್ ಹಗ್ಗ ಜಾರುತ್ತದೆ, ಕತ್ತದ ಹಗ್ಗ ತೇವಕ್ಕೆ ಸಡಿಲಾಗುತ್ತದೆ, ನೂಲಿನದೇ ವಾಸಿ. ಕಪ್ಪಿಯ ಬೋಲ್ಟಿಗೆ ಉದ್ದ ತೂತು ಕೊಟ್ಟರೆ ಹಗ್ಗ ಬಿಗಿ ಮಾಡಬಹುದು.

ಸುತ್ತುವ ದಿಕ್ಕು ತಪ್ಪಬಾರದು. ಸೂರ್ಯ ಮೇರುವಿಗೆ ಪ್ರದಕ್ಷಿಣೆ ಬರುತ್ತಾನೆ, ಮೇರು ಅವನ ಬಲಕ್ಕೆ. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು. ಗಾಲಿ ರಥದ ಎಡಬದಿಗೆ, ನೋಡುವವರ ಕಡೆಗೇ ಇರುತ್ತದೆ. ಇನ್ನೊಂದು ಬದಿ ಬರಿದಾಗಿರುವುದು ಹತ್ತಿರದ ಅರ್ಧ ಸುತ್ತಿನಲ್ಲಿ ಕಾಣುವುದೇ ಇಲ್ಲ.

ರಥ, ಕುದುರೆ, ಪರಿವಾರ

16×4 ಇಂಚಿನ ಪೆಟ್ಟಿಗೆಯನ್ನು ಗಾಲಿಯ ಗುಂಬದಿಂದ ಒಂದೂವರೆ ಇಂಚು ಒಳಗೆ, ಅಚ್ಚಿನ ಮೇಲೆ ಎರಡು ಯು-ಬೋಲ್ಟಿನಿಂದ ಬಿಗಿಯಿರಿ. ಪೆಟ್ಟಿಗೆಯ ನಡು ಕಂಬದಿಂದ ಸುಮಾರು 31 ಇಂಚು ದೂರಕ್ಕೆ ಬರುತ್ತದೆ.

ಮೂಕಿ ನೇರವಾಗಿರಬಾರದು. 26 ಇಂಚಿನ ನೇರ ಮೂಕಿ ಕೊಟ್ಟರೆ ಅದರ ತುದಿ ವೃತ್ತದಿಂದ 9 ಇಂಚು ಹೊರಗೆ ಚಾಚಿ, ಮುಂದಿನ ಕುದುರೆಗಳು ಪೀಠದ ಅಂಚಿನ ಫಲಕಗಳಿಗೆ ಬಡಿಯುತ್ತವೆ. ಹಸಿ ಬಿದಿರಿನ ಸೀಳನ್ನು ಬೆಂಕಿಗೆ ಹಿಡಿದು, ತುದಿ 9 ಇಂಚು ಒಳಕ್ಕೆ ಬಾಗುವಂತೆ ಬಗ್ಗಿಸಿ, ಕಟ್ಟಿಟ್ಟು ಆರಲು ಬಿಡಿ. ನೊಗ 4 ಇಂಚು.

ಕುದುರೆಗೆ ಅಡಿಕೆ ಹಾಳೆಗಿಂತ ಒಳ್ಳೆಯ ವಸ್ತು ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಲ್ಲ. ಹಗುರ, ಗಟ್ಟಿ, ಬಿಟ್ಟಿ. ಅರ್ಧ ಗಂಟೆ ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಎರಡು ಹಲಗೆಯ ನಡುವೆ ಕಲ್ಲು ಹೇರಿ ನೆರಳಲ್ಲಿ ಎರಡು ದಿನ ಒಣಗಿಸಿ. ಬಿಸಿಲಿಗೆ ಇಟ್ಟರೆ ಸುರುಳಿ ಸುತ್ತುತ್ತದೆ. ಪೂರ್ತಿ ಒಣಗಿ ಗರಿಗರಿಯಾದ ಹಾಳೆಗೆ ಕತ್ತರಿ ಹಾಕಿದರೆ ನಾರಿನ ಗುಂಟ ಸೀಳುತ್ತದೆ. ಸ್ವಲ್ಪ ಹಸಿ ಇರುವಾಗಲೇ ಕತ್ತರಿಸಬೇಕು, ನಾರು ಕುದುರೆಯ ಕಾಲಿನ ಉದ್ದಕ್ಕೆ ಬರುವಂತೆ. ಒಳಮೈ ನುಣುಪಾದ್ದರಿಂದ ಬಣ್ಣ ಕಚ್ಚುವುದಿಲ್ಲ. ಪಾಲಿಶ್ ಪೇಪರಿನಿಂದ ಉಜ್ಜಿ, ಬಿಳಿ ಡಿಸ್ಟೆಂಪರ್ ಒಂದು ಕೈ ಹೊಡೆದು, ಮೇಲೆ ಬಣ್ಣ. 10 ಇಂಚು ಉದ್ದದ ಕುದುರೆ, ಎರಡು ಪದರ ಅಂಟಿಸಿದರೂ, 100 ಗ್ರಾಂ ಮೀರದಿರಲಿ. ಮುಂದೆ 3, ಹಿಂದೆ 4.

ಬಣ್ಣ ಯಾವುದು? ಏಳಕ್ಕೂ ಬಿಳಿ ಬಳಿಯುವುದು ರೂಢಿ, ಆದರೆ ಪುರಾಣದಲ್ಲಿ ಕುಂದಪುಷ್ಪದ ಬಿಳಿ ಕುದುರೆ ಚಂದ್ರನದು: ಮೂರು ಗಾಲಿ, ಹತ್ತು ಕುದುರೆ. ಶನಿಗೆ ಚುಕ್ಕೆ ಮೈಯವು, ರಾಹುವಿಗೆ ಕಪ್ಪು. ಸೂರ್ಯನ ಕುದುರೆಗೆ ಅರಿಸಿನಕ್ಕೆ ಚೂರು ಹಸಿರು ಬೆರೆಸಿದ ಬಣ್ಣ ವೇದಕ್ಕೂ ಹತ್ತಿರ, ದೀಪದ ಬೆಳಕಿಗೂ ಚೆಂದ. ಹೆಸರು ಬರೆಯುವುದಾದರೆ ಏಳು ಛಂದಸ್ಸು: ಗಾಯತ್ರೀ, ಬೃಹತೀ, ಉಷ್ಣಿಕ್, ಜಗತೀ, ತ್ರಿಷ್ಟುಪ್, ಅನುಷ್ಟುಪ್, ಪಂಕ್ತಿ.

ಏಳು ಕುದುರೆ ಸೇರಿ 700 ಗ್ರಾಂ, ಅಚ್ಚಿನಿಂದ ಸುಮಾರು 18 ಇಂಚು ಮುಂದೆ. ರಥ ಮುಂದಕ್ಕೆ ತಲೆ ಬಾಗಿಸದೆ ಇರುವುದಿಲ್ಲ. ಹಿಂದೆ 10 ಇಂಚು ದೂರದಲ್ಲಿ ಒಂದೂಕಾಲು ಕಿಲೋ ತೂಕ ಬೇಕು. ಅದಕ್ಕೂ ಆಳು ಸಿದ್ಧ: ರಥವನ್ನು ಹಿಂದಿನಿಂದ ನೂಕುವುದು ಬಲಶಾಲಿ ರಾಕ್ಷಸರು ಎನ್ನುತ್ತದೆ ಭಾಗವತದ 12ನೇ ಸ್ಕಂಧ. ರಾಕ್ಷಸನ ಗೊಂಬೆಯ ಹೊಟ್ಟೆಗೆ ಮರಳು ತುಂಬಿ. ತಿಂಗಳು ತಿಂಗಳಿಗೂ ಸೂರ್ಯನ ಪರಿವಾರ ಬದಲಾಗುತ್ತದೆ. ವಿಷ್ಣುಪುರಾಣದಂತೆ ಮಾಘಕ್ಕೆ ಆದಿತ್ಯ ತ್ವಷ್ಟೃ, ಋಷಿ ಜಮದಗ್ನಿ, ನಾಗ ಕಂಬಲ, ಅಪ್ಸರೆ ತಿಲೋತ್ತಮೆ, ರಾಕ್ಷಸ ಬ್ರಹ್ಮಾಪೇತ, ಯಕ್ಷ ಋತಜಿತ್, ಗಂಧರ್ವ ಧೃತರಾಷ್ಟ್ರ. ಎಲ್ಲರಿಗೂ ಜಾಗ ಸಾಲದಿದ್ದರೆ ರಾಕ್ಷಸನನ್ನೊಬ್ಬನನ್ನು ಬಿಡಬೇಡಿ, ಉಳಿದವರನ್ನು ಪೆಟ್ಟಿಗೆಯ ಬದಿಗೆ ಚಿತ್ರ ಬರೆಯಿರಿ.

ಸೂರ್ಯನಿಗೆ ಎರಡು ಕೈ, ಎರಡರಲ್ಲೂ ತಾವರೆ, ಹೆಗಲ ಎತ್ತರಕ್ಕೆ. ಉತ್ತರದ ಶಿಲ್ಪಗಳಲ್ಲಿ ಬೂಟು ಇರುತ್ತದೆ, ನಮ್ಮ ದಕ್ಷಿಣದಲ್ಲಿ ಬರಿಗಾಲು. ಎಡಬಲದಲ್ಲಿ ಬಿಲ್ಲು ಹಿಡಿದ ಉಷೆ, ಪ್ರತ್ಯುಷೆ. ಮುಂದೆ ಅರುಣ, ಸೊಂಟದಿಂದ ಕೆಳಗೆ ಇಲ್ಲ. ವಿನತೆ ಆತುರದಿಂದ ಮೊಟ್ಟೆ ಒಡೆದ ಕಥೆ ಗೊತ್ತಿದ್ದದ್ದೇ. ಅವನ ಮುಖ ಕುದುರೆಗಳ ಕಡೆಗಲ್ಲ, ಸೂರ್ಯನ ಕಡೆಗೆ. ಕ್ಯಾಲೆಂಡರ್ ಚಿತ್ರಗಳಲ್ಲಿ ಇದು ತಿರುಗುಮುರುಗಾಗಿರುವುದೇ ಹೆಚ್ಚು.

ಸೂರ್ಯನ ಬೆನ್ನಿಗೆ 12 ಇಂಚಿನ ಬಿಂಬವನ್ನು ರಥದ ಉದ್ದಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಹೊರಮುಖಕ್ಕೆ ಚಿನ್ನದ ಬಣ್ಣ, ಮೇರುವಿನ ಕಡೆಯ ಮುಖಕ್ಕೆ ಕಡುನೀಲಿ. ಡೆನ್ಮಾರ್ಕಿನ ಟ್ರುಂಡ್‌ಹೋಮ್‌ನಲ್ಲಿ 1902ರಲ್ಲಿ ಸಿಕ್ಕ ಕಂಚಿನ ಸೂರ್ಯರಥದಲ್ಲೂ ಬಿಂಬದ ಒಂದೇ ಮುಖಕ್ಕೆ ಚಿನ್ನ ಹೊದಿಸಿದೆ. ಹಗಲು ಒಂದು ಕಡೆ, ರಾತ್ರಿ ಇನ್ನೊಂದು ಕಡೆ ಎಂದು ಅದನ್ನು ಓದುವವರಿದ್ದಾರೆ. ನಮ್ಮ ಮಾದರಿಯಲ್ಲಿ ರಥ ಆಚೆ ಬದಿಗೆ ಹೋದಾಗ ಕಾಣುವುದು ನೀಲಿ ಮುಖ, ಅದೂ ಮೇರುವಿನ ಮರೆಯಲ್ಲಿ. ಬೇರೆ ವಿವರಣೆ ಬೇಡ.

ಮೇರು ಮತ್ತು ನಾಲ್ಕು ಪಟ್ಟಣ

ಮೇರುವನ್ನು ಚೂಪು ಶಿಖರದಂತೆ ಮಾಡುವವರೇ ಹೆಚ್ಚು. ವಿಷ್ಣುಪುರಾಣದಲ್ಲಿ ಅದರ ಬುಡ 16,000 ಯೋಜನ, ತಲೆ 32,000, ಎತ್ತರ 84,000. ಮೇಲೆ ಅಗಲ, ಕೆಳಗೆ ಕಿರಿದು. ಬುಡ 4 ಇಂಚು, ತಲೆ 8 ಇಂಚು, ಎತ್ತರ 21 ಇಂಚು ಹಿಡಿದರೆ ಪ್ರಮಾಣ ಸರಿ. ಗ್ರಂಥದಲ್ಲಿ ಅಚ್ಚು ಮೇರುವಿನ ತಲೆಯ ಮೇಲಿದೆ. ಹಾಗೆ ಮಾಡಿದರೆ ಅಚ್ಚು ಇಳಿಜಾರಾಗಿ ಗಾಲಿ ವಾಲುತ್ತದೆ. ಇದೊಂದು ರಾಜಿ ಅನಿವಾರ್ಯ. ಮೇರುವನ್ನು ತೋಳಿನ ಮೇಲ್ಗಡೆ, ಒಳಪೈಪಿಗೆ ಬಿಗಿಯಿರಿ. ಆಗ ರಥ ಸುತ್ತಿದರೂ ಮೇರು ಅಲುಗುವುದಿಲ್ಲ. ಪೈಪಿನ ತುದಿಗೆ ಧ್ರುವ ನಕ್ಷತ್ರ.

ಪೀಠದ ನಾಲ್ಕು ಬದಿಯ ನಡುವೆ, ಕಂಬದಿಂದ 44 ಇಂಚು ದೂರದಲ್ಲಿ ನಾಲ್ಕು ಫಲಕ: ಪೂರ್ವಕ್ಕೆ ಇಂದ್ರನ ದೇವಧಾನಿ, ದಕ್ಷಿಣಕ್ಕೆ ಯಮನ ಸಂಯಮನಿ, ಪಶ್ಚಿಮಕ್ಕೆ ವರುಣನ ನಿಮ್ಲೋಚನಿ, ಉತ್ತರಕ್ಕೆ ಸೋಮನ ವಿಭಾವರಿ. ಒಂದರಿಂದ ಇನ್ನೊಂದಕ್ಕೆ 15 ಗಳಿಗೆ, ಅಂದರೆ 6 ಗಂಟೆ. ದಿಕ್ಕು ನಿಜದ್ದೇ ಇರಲಿ. ಕಾರವಾರದ ಕಡಲತೀರದಲ್ಲಿ ಇಟ್ಟರೆ ವರುಣನ ಪಟ್ಟಣದ ಹಿಂದೆ ಸಮುದ್ರವೇ ಬರುತ್ತದೆ.

ಗೋಕರ್ಣದ ಕಡೆಯವರು ಒಂದು ದೃಶ್ಯ ಸೇರಿಸಬಹುದು. ಸಂಯಮನಿ, ನಿಮ್ಲೋಚನಿಗಳ ನಡುವೆ, ದಾರಿಯ ಹೊರಗೆ, 14 ಇಂಚಿನ ಸುದರ್ಶನ ಚಕ್ರವನ್ನು ತಂತಿಯ ಮೇಲೆ ನಿಲ್ಲಿಸಿ. ಅದರ ನಡು ಬಿಂಬದ ನಡುವಿನ ಎತ್ತರಕ್ಕೇ ಇರಲಿ. ರಥ ಹಿಂದಿನಿಂದ ಹಾದಾಗ ಬಿಂಬ ಮುಚ್ಚಿಹೋಗುತ್ತದೆ; ಕೆಳಗೆ ಸಂಜೆಯಾಯಿತೆಂದು ಆತ್ಮಲಿಂಗವನ್ನು ವಟುವಿನ ಕೈಗೆ ಕೊಡುತ್ತಿರುವ ರಾವಣ. ನೋಡುವವರು ನೈಋತ್ಯದಲ್ಲಿ ನಿಲ್ಲುವಂತೆ ಜಾಗ ಬಿಡಿ, ಬೇರೆ ಕಡೆಯಿಂದ ಮರೆ ಸರಿಯಾಗಿ ಕೂರುವುದಿಲ್ಲ.

ತೊಂದರೆ ಬಂದರೆ

ರಥ ಸುತ್ತುವಾಗ ಗಾಲಿ ಹೊರಕ್ಕೋ ಒಳಕ್ಕೋ ಉಜ್ಜಿ ಕಿರುಗುಟ್ಟಿದರೆ ಅಚ್ಚು ಕಂಬದ ನಡುವಿಗೆ ಗುರಿಯಿಟ್ಟಿಲ್ಲ. ಎಣ್ಣೆ ಹಾಕಿ ಪ್ರಯೋಜನ ಇಲ್ಲ, ಬೆಸುಗೆ ಬಿಡಿಸಿ ಸರಿಮಾಡಬೇಕು. ಒಂದೇ ಜಾಗದಲ್ಲಿ ಗಾಲಿ ನಿಂತರೆ ಪೀಠ ಅಲ್ಲಿ ತಗ್ಗಿದೆ. ಕಾಲಿನಡಿ ಚಕ್ಕೆ ಕೊಟ್ಟು ರಸಮಟ್ಟದಿಂದ ನೋಡಿ. ಸುತ್ತಿನುದ್ದಕ್ಕೂ ಗಾಲಿ ತೂಗುತ್ತಿದ್ದರೆ ಒಳಪೈಪಿನಲ್ಲಿ ಸ್ವಲ್ಪ ಕೆಳಗೆ ಇನ್ನೊಂದು ತೂತು ಕೊರೆದು, ತೋಳು ಕೂರುವ ಬೋಲ್ಟನ್ನು ಅಲ್ಲಿಗೆ ಇಳಿಸಿ.

ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ. ತಟ್ಟೆಯಂಥ ಬಿಂಬ ಗಾಳಿ ಹಿಡಿದು ಗಾಲಿಯನ್ನು ಎತ್ತುತ್ತದೆ. ಕಿರಣಗಳ ನಡುವಿನ ಜಾಗವನ್ನು ಕತ್ತರಿಸಿ ತೆಗೆದರೆ ಈ ಕಾಟ ತಪ್ಪುತ್ತದೆ. ಉಪ್ಪು ಗಾಳಿಗೆ ಅಚ್ಚಿನ ಸರಳು ಒಂದೇ ವಾರದಲ್ಲಿ ಕೆಂಪಗಾಗುತ್ತದೆ. ಹಬ್ಬ ಮುಗಿದ ದಿನವೇ ಗಾಲಿ ಬಿಚ್ಚಿ, ಅಚ್ಚು ಮತ್ತು ಒಳಪೈಪಿಗೆ ಗ್ರೀಸ್ ಸವರಿ ಪ್ಲಾಸ್ಟಿಕ್ ಸುತ್ತಿಡಿ. ಹಾಳೆಯ ಕುದುರೆಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಅಟ್ಟದ ಮೇಲೆ, ಒಲೆಯ ಹೊಗೆ ತಾಗುವ ಜಾಗದಲ್ಲಿ ತೂಗುಹಾಕಿ. ಅಟ್ಟವಿಲ್ಲದ ಮನೆಯವರು ಮುಂದಿನ ವರ್ಷ ಹೊಸ ಹಾಳೆ ಕೊಯ್ಯುವುದೇ ಮೇಲು.